ಜಂಬಗಾತಿಯ ಗೆಡ್ಡೆ

ಕಳ್ಳನಾದವನು ಗುಂಡಿ ಮುಚ್ಚಿ ಹೋಗುತ್ತಾನೆಯೇ?

ಬೆಳಗಿನಿಂದ ಮಲ್ಲಿಕಾರ್ಜುನಸ್ವಾಮಿಯ ತಲೆಯಲ್ಲಿ ಇದೊಂದೇ ಪ್ರಶ್ನೆ ಕೂತಿತ್ತು, ಏಳಲೊಲ್ಲದು. ಕದಿಯುವವನಿಗೆ ಅವಸರ. ಕಿತ್ತ, ಚೀಲಕ್ಕೆ ತುರುಕಿದ, ಓಡಿದ. ಇಲ್ಲಿ ನೋಡಿದರೆ ಗಿಡ ಎತ್ತಿದ ಜಾಗಕ್ಕೆ ಮಣ್ಣೆಳೆದು, ಕಾಲಿನಿಂದ ತುಳಿದು ಮಟ್ಟ ಮಾಡಿ, ಮೇಲೆ ಒಣ ಬಾಳೆಲೆ ಹೊದಿಸಿದ್ದಾರೆ. ತಿಂಗಳಾದರೂ ಹೊದಿಕೆ ಅಲುಗಿಲ್ಲ.

ದಾರಿ ತಪ್ಪಿಸಲು ಮಾಡಿದ್ದೇ? ಇರಬಹುದು. ಆದರೆ ದಾರಿ ತಪ್ಪಿಸುವವನು ಇಷ್ಟು ಅಕ್ಕರೆಯಿಂದ ಎಲೆ ಹೊದಿಸುತ್ತಾನೆಯೇ? ಅಥವಾ ತಾನೇ ಇಲ್ಲದ ಅರ್ಥ ಹುಡುಕುತ್ತ ಕೂತಿದ್ದಾನೆಯೇ? ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದ ದಿನ ಮೇಲಿನವರು ಹೇಳಿದ್ದು ಅದನ್ನೇ: ನಿನಗೆ ಕಳ್ಳ ಬೇಕಾಗಿಲ್ಲ ಕಣಯ್ಯ, ಕಳ್ಳನ ಮನಸ್ಸು ಬೇಕು.

ಸ್ವಾಮಿ ಎದ್ದು ನಿಂತು ಮಂಡಿಯ ಮಣ್ಣು ಕೊಡವಿಕೊಂಡ.

ತೆರಕಣಾಂಬಿಯಿಂದ ಸ್ವಲ್ಪ ಆಚೆ ಇರುವ ಈ ತೋಟ ವನಿತಾ ಅವರದು. ಚಾಮರಾಜನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಆಕೆ ಇಲ್ಲಿ ತಿನ್ನುವ ಬಾಳೆ ಬೆಳೆಯುವುದಿಲ್ಲ. ನೋಡುವ ಬಾಳೆ ಬೆಳೆಯುತ್ತಾರೆ. ಎಲೆಯ ತುಂಬ ರಕ್ತ ಚಿಮುಕಿಸಿದಂತೆ ಕಲೆಗಳಿರುವುದು ಒಂದು. ಮೈಮೇಲೆ ನವಿರು ಕೂದಲಿರುವ ಗುಲಾಬಿ ಕಾಯಿ ಬಿಟ್ಟು, ಹಣ್ಣಾದೊಡನೆ ತಾನೇ ಸಿಪ್ಪೆ ಬಿಚ್ಚಿಕೊಳ್ಳುವುದು ಇನ್ನೊಂದು. ಬಂಡೆಯ ಸಂದಿಯಲ್ಲಿ ಹುಟ್ಟುವ ಕಲ್ಲುಬಾಳೆ ಮತ್ತೊಂದು, ಅದು ಬುಡದಲ್ಲಿ ಕಂದೇ ಬಿಡುವುದಿಲ್ಲ, ಬೀಜದಿಂದಲೇ ಬರಬೇಕು.

ಇವೆಲ್ಲದರ ನಡುವೆ ರಾಣಿಯಂತಿದ್ದದ್ದು ಹೆಸರಿಲ್ಲದ ಒಂದು ಗಿಡ. ಉಳಿದ ಬಾಳೆಯ ಹೂಮೂತಿ ನೆಲ ನೋಡಿದರೆ ಇದರ ಮೂತಿ ಸೆಟೆದು ಆಕಾಶ ನೋಡುತ್ತಿತ್ತು. ಇಟ್ಟಿಗೆ ಕೆಂಪು, ಅಂಚಿಗೆ ಹಳದಿ. ತೋಟ ನೋಡಿಕೊಳ್ಳುವ ಮಾದಣ್ಣ ಅದನ್ನು ‘ಜಂಬಗಾತಿ’ ಎನ್ನುತ್ತಿದ್ದ. ಇದು ಯಾರೂ ಗುರುತಿಸದ ಹೊಸ ಬಾಳೆ ಎಂದು ವನಿತಾ ಹೋದ ವರ್ಷ ಮೈಸೂರಿನ ಗಿಡಪ್ರಿಯರ ಸಭೆಯಲ್ಲಿ ಫೋಟೊ ತೋರಿಸಿ ಹೇಳಿದ್ದರು. ಪತ್ರಿಕೆಯಲ್ಲಿ ಬಂದಿತ್ತು. ಅವತ್ತಿನಿಂದ ಅವರು ಎಲ್ಲರಿಗೂ ಬಾಳೆ ಮೇಡಂ.

ಬಾಳೆ ಒಮ್ಮೆ ಹೂ ಬಿಟ್ಟರೆ ಮುಗಿಯಿತು. ತಾಯಿ ಸಾಯುತ್ತದೆ, ಕಂದು ಉಳಿಯುತ್ತದೆ. ಜಂಬಗಾತಿಯ ಕೊನೆಯ ಕಂದು ಮಾಯವಾಗಿ ಒಂದು ತಿಂಗಳು. ಗೇಟಿನ ಬೀಗ ಒಡೆದಿರಲಿಲ್ಲ. ಕೀಲಿ ಎರಡೇ: ಒಂದು ವನಿತಾ ಅವರ ಪರ್ಸಿನಲ್ಲಿ, ಇನ್ನೊಂದು ಮಾದಣ್ಣನ ಉಡಿದಾರದಲ್ಲಿ.

“ಸೋಮವಾರದ ಒಳಗೆ ಗಿಡ ಸಿಗಬೇಕು. ಇಲ್ಲಾಂದ್ರೆ ಮಾದಣ್ಣನ ಮೇಲೆ ಕಂಪ್ಲೇಂಟ್ ಕೊಡ್ತೀನಿ” ಎಂದಿದ್ದರು ವನಿತಾ. ಇವತ್ತು ಶನಿವಾರ.

ಸ್ವಾಮಿ ತಾಯಿಗಿಡದ ಕೊಳೆತ ಬುಡದ ಬಳಿ ಕುಕ್ಕರಗಾಲಿನಲ್ಲಿ ಕೂತ. ಸುತ್ತ ಇದ್ದ ಎಳೆ ಕಂದುಗಳನ್ನು ಯಾರೋ ನೆಲಮಟ್ಟಕ್ಕೆ ಕಡಿದು, ಒಂದೊಂದರ ಸುಳಿಯನ್ನೂ ಬಗೆದಿದ್ದರು. ಕಡ್ಡಿಯಿಂದ ಕೆದಕಿ ಮೂಗಿನ ಹತ್ತಿರ ಹಿಡಿದ. ಕೊಳೆತ ವಾಸನೆಯ ಅಡಿಯಲ್ಲಿ ಸಣ್ಣಗೆ ಇನ್ನೊಂದು ವಾಸನೆ.

“ಸೀಮೆಎಣ್ಣೆ” ಎಂದ.

“ಬ್ಯಾಡದ ಕಂದಿಗೆ ಇಂಗೇ ಉಯ್ಯದು. ಮತ್ತೆ ಚಿಗುರಾಕಿಲ್ಲ” ಎಂದಿತು ಹಿಂದಿನಿಂದ ಒಂದು ದನಿ.

ಮಾದಣ್ಣ. ತಲೆಗೆ ಟವೆಲ್, ಮೊಣಕಾಲವರೆಗೆ ಕೆಸರು. ಮೇಡಂ ಕೀಲಿ ಕಿತ್ತುಕೊಂಡು ಬರಬೇಡ ಎಂದ ಮೇಲೂ ಅವನು ದಿನಾ ಬರುತ್ತಿದ್ದ. ಬೇಲಿ ನುಸುಳಿ ಒಳಗೆ ಬಂದು ನೀರು ಕಟ್ಟುತ್ತಿದ್ದ, ಕೂಲಿ ಕೇಳುತ್ತಿರಲಿಲ್ಲ.

“ಇಲ್ಲಿಗೆ ಉಯ್ದೋರು ಯಾರು ಮಾದಣ್ಣ?”

“ಗೊತ್ತಿಲ್ಲ.”

“ಗೊತ್ತಿಲ್ವೋ, ಹೇಳಲ್ವೋ?”

“ನೀವು ಎಂಗ್ ಬೇಕಾರೂ ತಿಳ್ಕಳಿ ಸಾ.”

“ಗಿಡ ಹೋದ ಸಂಜೆ ಎಲ್ಲಿದ್ದೆ?”

“ಯೋಳಾಕಿಲ್ಲ.”

“ಹೇಳದಿದ್ರೆ ಸೋಮವಾರ ಠಾಣೆಗೆ ಹೋಗ್ಬೇಕಾಗ್ತದೆ.”

“ಓಯ್ತೀನಿ. ಕಳ್ಳ ಅಂದೋರ ಮುಂದೆ ನಿಂತ್ಕಂಡು ನಾ ಕಳ್ಳ ಅಲ್ಲ ಅಂತ ಗೋಗರೆಯಾಕೆ ನಂಗ್ ಬರಕಿಲ್ಲ.” ಇಷ್ಟು ಹೇಳಿ ಅವನು ನೆರಳಿಗೆ ಹೋಗಿ ಕೂತು, ಪಕ್ಕದಲ್ಲಿದ್ದ ಕಂದುಗಳ ರಾಶಿಗೆ ಕೈಹಾಕಿದ. ಹೊಸ ಸಾಲಿಗೆ ನೆಡಬೇಕಾದ ಗುಲಾಬಿ ಬಾಳೆಯ ಕಂದುಗಳು ಅವು.

ಕೈಯಲ್ಲಿ ಕುಡುಗೋಲು. ಗೆಡ್ಡೆಯನ್ನು ತಿರುಗಿಸುತ್ತ ಬೇರುಗಳನ್ನು ಸರಸರ ಸವರಿದ, ಕಪ್ಪು ಸಿಪ್ಪೆ ಹೆರೆದ. ಬಿಳಿಯ ಗೆಡ್ಡೆ ಹೊರಬಿತ್ತು. ಹುಳು ಹತ್ತದಿರಲೆಂದು ಈ ಕಡೆಯ ಬಾಳೆಯವರೆಲ್ಲ ಹೀಗೇ ಮಾಡುತ್ತಾರೆ. ಆದರೆ ಎಲ್ಲ ಬೇರನ್ನೂ ಸವರಿದ ಮಾದಣ್ಣ ಒಂದನ್ನು ಮಾತ್ರ ಉದ್ದಕ್ಕೆ ಹಾಗೇ ಬಿಟ್ಟು ಗೆಡ್ಡೆಯನ್ನು ಸಗಣಿ ನೀರಿಗೆ ಅದ್ದಿದ. ಎರಡನೆಯದಕ್ಕೂ ಒಂದು ಬೇರು ಬಿಟ್ಟ. ಮೂರನೆಯದಕ್ಕೂ.

“ಅದ್ಯಾಕೆ ಒಂದು ಬಿಡ್ತೀಯ?”

ಮಾದಣ್ಣ ಉತ್ತರಿಸುವ ಮೊದಲೇ ಗೇಟಿನ ಕಡೆಯಿಂದ ನಗು ಬಂತು. ಅವನ ಹೆಂಡತಿ ಚಿಕ್ಕನಿಂಗಮ್ಮ, ಕೈಯಲ್ಲಿ ಮುದ್ದೆಯ ಡಬ್ಬಿ. ಸ್ವಾಮಿಯನ್ನು ಈ ಕೆಲಸಕ್ಕೆ ಹಚ್ಚಿದವಳು ಅವಳೇ.

“ಅವರವ್ವ ಕಲ್ಸಿದ್ದಂತೆ ಸ್ವಾಮಣ್ಣ. ಎಲ್ಲಾ ಬೇರೂ ಸವರ್ಬುಟ್ರೆ ಕಂದಿಗೆ ತಾಯಿ ನೆಪ್ಪು ಓಯ್ತದಂತೆ. ಊರೋರೆಲ್ಲ ನೋಡಿ ನಗ್ತರೆ. ಈ ಮೂದೇವಿ ಒಬ್ನೇ ಇಂಗ್ ಮಾಡದು.”

“ನಗ್ಲಿ ಬುಡು” ಎಂದ ಮಾದಣ್ಣ.

“ಮೇಡಮ್ಮೋರು ಏನಂತಾರೆ ಇದಕ್ಕೆ?” ಸ್ವಾಮಿ ಕೇಳಿದ.

“ಅವ್ರು ಹೂ ಬಂದಾಗ ಬರೋರು. ಬೇರು ಯಾವತ್ ನೋಡವ್ರೆ?” ಚಿಕ್ಕನಿಂಗಮ್ಮ ಡಬ್ಬಿಯನ್ನು ಗಂಡನ ಮುಂದೆ ಕುಕ್ಕಿದಳು. “ತಿನ್ನು. ಕಳ್ಳ ಅನ್ನಿಸ್ಕಂಡು ಬಿಟ್ಟಿ ಗೇಯೋನು ಈ ತಾಲ್ಲೂಕಲ್ಲೇ ನೀನೊಬ್ನೆಯ.” ಆಮೇಲೆ ಸ್ವಾಮಿಯ ಕೈಲಿದ್ದ ಕಡ್ಡಿ ನೋಡಿದಳು. “ಸೀಮೆಣ್ಣೆ ಅಂದ್ರಲ್ಲ, ಕೇಳುಸ್ಕಂಡೆ. ನಮ್ಮನೇಲಿ ಗ್ಯಾಸು. ರೇಷನ್ನಲ್ಲಿ ಸೀಮೆಣ್ಣೆ ಕೊಡಾದು ನಿಂತು ಯಾವ ಕಾಲ ಆಯ್ತು? ದೀಪಕ್ಕೂ ಒಂದ್ ತೊಟ್ಟಿಲ್ಲ ನಮ್ ತಾವು. ಇದ್ನ ಬರ್ಕಳಿ.”

ಸ್ವಾಮಿ ಬರೆದುಕೊಳ್ಳಲಿಲ್ಲ. ಬೇಲಿಯ ಕಡೆ ನೋಡಿದ. ಎಲೆ ಹೊದಿಸಿದ ಆ ಗುಂಡಿ ತಾಯಿಗಿಡದಿಂದ ಬಹಳ ದೂರವಿತ್ತು. ಈ ಬಾಳೆಯ ಗುಣ ಅದು, ಬೇರುಗೆಡ್ಡೆ ನೆಲದೊಳಗೆ ಹರಿದುಹೋಗಿ ಎಲ್ಲೋ ತಲೆ ಎತ್ತುತ್ತದೆ. ಸೀಮೆಎಣ್ಣೆ ಹಿಡಿದು ಬಂದವರು ಬುಡದ ಸುತ್ತ ನೋಡಿದ್ದಾರೆ, ಬೇಲಿ ಪಕ್ಕದ್ದನ್ನು ಕಂಡಿಲ್ಲ. ಎಲೆ ಹೊದಿಸಿದವರು ಕಂಡಿದ್ದಾರೆ.

ಕೊಲ್ಲುವ ಕೈ, ಎಲೆ ಹೊದಿಸುವ ಕೈ. ಎರಡೂ ಒಬ್ಬರದೇ ಆಗಿರಬಹುದೇ?

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ವನಿತಾ. ದನಿ ಏರಿತ್ತು.

“ಗಿಡ ಸಿಕ್ತು ಸ್ವಾಮಿ! ಗುಂಡ್ಲುಪೇಟೆ ಸುನೀಲ್ ಕುಮಾರ್ ಗೊತ್ತಲ್ಲ, ನರ್ಸರಿಯವನು? ಅವನ ಪೇಜಲ್ಲಿ ಫೋಟೊ ಹಾಕಿದಾನೆ. ಎಲೆಯ ತೊಟ್ಟಿನ ಅಂಚು ನೋಡಿದೆ. ನಂದೇ. ಹೊರಟಿದೀನಿ, ನೀವೂ ಬನ್ನಿ.”

* * *

ಗುಂಡ್ಲುಪೇಟೆ ದಾಟಿ ಕೇರಳದ ಕಡೆ ಹೋಗುವ ಹೆದ್ದಾರಿಯಲ್ಲಿ ಈರುಳ್ಳಿ ಲಾರಿಗಳ ಸಾಲು. ಸ್ವಾಮಿಯ ಬೈಕು ನರ್ಸರಿ ತಲುಪುವಷ್ಟರಲ್ಲಿ ವನಿತಾ ಅವರ ಬಿಳಿ ಕಾರು ಆಗಲೇ ನಿಂತಿತ್ತು.

ಸುನೀಲ್ ಕುಮಾರ್ ಕೇರಳದ ಗಿರಾಕಿಯೊಬ್ಬರಿಗೆ ಮಲಯಾಳಂನಲ್ಲಿ ದಾಸವಾಳ ಹೊಗಳುತ್ತಿದ್ದ. ಇವರನ್ನು ಕಂಡವನು ಕೂಲಿಂಗ್ ಗ್ಲಾಸ್ ತೆಗೆದು ಹಣೆಗೇರಿಸಿದ.

“ಬನ್ನಿ ಮೇಡಂ, ಬನ್ನಿ. ನೀವು ಬರೋದು ನಮ್ಮ ಗಿಡಗಳ ಪುಣ್ಯ.”

“ಪುಣ್ಯ ಆಮೇಲೆ ಲೆಕ್ಕ ಹಾಕು. ಆ ಬಾಳೆ ಎಲ್ಲಿ?”

ಶೇಡ್ ನೆಟ್ಟಿನ ಕೆಳಗೆ, ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಅದು ನಿಂತಿತ್ತು. ಸೊಂಟದೆತ್ತರ. ಹೊಸದಾಗಿ ಬಿಚ್ಚಿಕೊಂಡ ಎರಡೆಲೆ, ಬೆನ್ನಲ್ಲಿ ಕೆಂಪು, ತೊಟ್ಟಿನ ಎರಡೂ ಅಂಚು ಹೊರಕ್ಕೆ ಮಡಚಿ ಕುಂಕುಮದ ಗೆರೆ ಎಳೆದಂತೆ. ಸುತ್ತಲಿನ ಗಿಡಗಳೆಲ್ಲ ಬಿಸಿಲಿಗೆ ಸೋತಿದ್ದವು. ಇದು ಸೋತಿರಲಿಲ್ಲ.

“ಇದು ನನ್ನ ಗಿಡ” ಎಂದರು ವನಿತಾ.

“ಯಾರು ಹೇಳಿದ್ದು? ಟಿಶ್ಯೂ ಕಲ್ಚರ್ ಮೇಡಂ. ಲ್ಯಾಬಿಂದ ಬಂದದ್ದು, ಫಾರಿನ್ ತಳಿ.”

“ಯಾವ ಲ್ಯಾಬು?”

“ಅದು ಹೇಳಿಬಿಟ್ರೆ ನಾಳೆ ನೀವೇ ತರಿಸ್ಕೋತೀರಿ. ಆಮೇಲೆ ನಾನು ಸೌತೆಕಾಯಿ ಮಾರ್ಬೇಕು.”

“ಎಲೆ ನೋಡಿದ್ರೆ ಗೊತ್ತಾಗಲ್ವಾ ನನಗೆ?”

“ಎಲೆ ನೋಡಿ ಜಾತಿ ಹೇಳೋದಾದ್ರೆ ನಾವೆಲ್ಲ ಪ್ರೊಫೆಸರೇ ಮೇಡಂ.” ನಗುತ್ತಲೇ ಹೇಳಿದ. ಆದರೆ ಗಿರಾಕಿಯನ್ನು ಕೈಸನ್ನೆ ಮಾಡಿ ದೂರ ಕಳಿಸಿದ್ದು ಸ್ವಾಮಿಯ ಕಣ್ಣಿಗೆ ಬಿತ್ತು.

“ಎಲೆ ಬೇಡ” ಎಂದ ಸ್ವಾಮಿ. “ಬುಡ ನೋಡೋಣ.”

“ಏನು?”

“ಲ್ಯಾಬಿನ ಸಸಿ ಬೆರಳುದ್ದ ಬರ್ತದೆ. ಅದರ ಗೆಡ್ಡೆ ತಾನಾಗೇ ದುಂಡಗೆ ಕಟ್ಟಿಕೊಳ್ತದೆ. ತೋಟದಿಂದ ಕಿತ್ತ ಕಂದಿಗೆ ತಾಯಿಯಿಂದ ಕಡಿದ ಗಾಯ ಇರ್ತದೆ. ಇಲ್ಲಿ ಬಾಳೆ ಹಾಕೋ ಯಾರನ್ನಾದ್ರೂ ಕೇಳಿ. ಡ್ರಮ್ ಮಲಗಿಸಿ.”

“ಮಲಗಿಸಲ್ಲ. ಇದು ನನ್ನ ಜಾಗ, ನನ್ನ ಗಿಡ. ನೀನ್ಯಾವನಯ್ಯಾ ಕೇಳೋಕೆ?”

“ಸರಿ. ಹಾಗಾದ್ರೆ ಆ ಕೇರಳದವರನ್ನ ಕರೀತೀನಿ. ಟಿಶ್ಯೂ ಕಲ್ಚರ್ ಅಂತ ಕಾಸು ಕೊಡೋರು ಅವರೇ ಅಲ್ವಾ? ಅವರ ಮುಂದೆಯೇ ನೋಡೋಣ.”

ಸುನೀಲ್ ಆ ಕಡೆ ನೋಡಿದ. ಗಿರಾಕಿ ದಾಸವಾಳ ಕೆಳಗಿಟ್ಟು ಇತ್ತಲೇ ಕಿವಿಗೊಟ್ಟು ನಿಂತಿದ್ದರು. ಸುನೀಲ್ ಹಣೆಯ ಮೇಲಿದ್ದ ಗ್ಲಾಸ್ ಕಣ್ಣಿಗೆ ಇಳಿಸಿಕೊಂಡ. ಮತ್ತೆ ಅಡ್ಡ ಬರಲಿಲ್ಲ.

ಸ್ವಾಮಿ ಡ್ರಮ್ಮನ್ನು ನಿಧಾನ ಮಲಗಿಸಿ ಬುಡದ ಮಣ್ಣು ಸರಿಸಿದ. ವನಿತಾ ಕೈಚೀಲದಿಂದ ಸಣ್ಣ ಮಡಚುವ ಚಾಕು ತೆಗೆದು, ಪಕ್ಕದಲ್ಲಿ ಮಂಡಿಯೂರಿ ಗೆಡ್ಡೆ ಕೆರೆದರು. ಅಭ್ಯಾಸದ ಕೈ. ಮಣ್ಣಿನಡಿಯಿಂದ ಚಪ್ಪಟೆಯಾದೊಂದು ಗಾಯ ಹೊರಬಂತು, ಒಣಗಿ ಕಪ್ಪಾಗಿದ್ದರೂ ಅಂಚು ಚೊಕ್ಕ. ಅದರ ಸುತ್ತ ಕುಡುಗೋಲಿನ ಹೆರೆತಗಳು, ಒಂದರ ಪಕ್ಕ ಒಂದು.

“ನೋಡು ಸುನೀಲ್! ಕಣ್ಣು ಬಿಟ್ಟು ನೋಡು. ಲ್ಯಾಬಲ್ಲಿ ಕುಡುಗೋಲು ಇಟ್ಕೊಂಡಿರ್ತಾರಾ?” ವನಿತಾ ಫೋನ್ ತೆಗೆದು ನಾಲ್ಕೂ ಕಡೆಯಿಂದ ಪಟಪಟನೆ ಫೋಟೊ ಹೊಡೆದರು. ಮುಖ ಗೆಲುವಿನಿಂದ ಕೆಂಪಾಗಿತ್ತು.

ಸ್ವಾಮಿಗೆ ಗೆಲುವು ಕಾಣಿಸಲಿಲ್ಲ. ಅವನು ನೋಡುತ್ತಿದ್ದದ್ದು ಬೇರೆ.

ಗೆಡ್ಡೆಯ ಮೈತುಂಬ ಹೊಸ ಬೇರು, ಬೆಳ್ಳಗೆ, ಕಿರುಬೆರಳಿಗಿಂತ ಸಣ್ಣವು. ಅವುಗಳ ನಡುವೆ ಒಂದೇ ಒಂದು ಹಳೆಯ ಬೇರು. ಕಪ್ಪಗೆ, ದಪ್ಪಗೆ, ಉದ್ದಕ್ಕೆ. ಯಾರೋ ಬೇಕೆಂದೇ ಬಿಟ್ಟದ್ದು. ಡ್ರಮ್ಮಿನ ಒಳಗೋಡೆಗೆ ಸುತ್ತಿಕೊಂಡು ಬಿದ್ದಿತ್ತು.

ಸುನೀಲನನ್ನು ಹಿಡಿಯಲೆಂದು ತಾನೇ ಕೇಳಿ ತೆಗೆಸಿದ ಸಾಕ್ಷಿ. ಅದು ಸುನೀಲನನ್ನು ಹಿಡಿಯಿತು. ಜೊತೆಗೆ ಇನ್ನೊಬ್ಬನನ್ನೂ ಹಿಡಿಯಿತು. ಚಿಕ್ಕನಿಂಗಮ್ಮ ಯಾರನ್ನು ಬಿಡಿಸೆಂದು ಕೇಳಿದ್ದಳೋ ಅವನನ್ನೇ.

ಸ್ವಾಮಿ ಅಂಗೈಯಿಂದ ಮಣ್ಣು ಎಳೆದು ಆ ಬೇರಿನ ಮೇಲೆ ಹಾಕಿದ. ಬಿಸಿಲು ತಾಕಬಾರದು ಎಂಬಂತೆ.

“ಯಾರು ತಂದುಕೊಟ್ಟಿದ್ದು?” ಸುನೀಲನನ್ನು ಕೇಳಿದ.

ಸುನೀಲ್ ಕೈ ಕಟ್ಟಿ ನಿಂತ. ಸುಳ್ಳು ಮುರಿದುಬಿದ್ದ ಮೇಲೆ ಅವನ ಜಂಬ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. “ನಾನು ಕದ್ದಿಲ್ಲ. ಯಾರ ಬೇಲಿಯನ್ನೂ ಹಾರಿಲ್ಲ. ಬಾಗ್ಲಿಗೆ ಬಂದದ್ದನ್ನ ಇಟ್ಕೊಂಡೆ. ಸಂಜೆ ಹೊತ್ತು ಒಬ್ಬ ಬಂದ. ಟವೆಲ್ಲನ್ನ ಮುಖಕ್ಕೇ ಸುತ್ಕೊಂಡಿದ್ದ. ಒದ್ದೆ ಗೋಣಿಚೀಲದಲ್ಲಿ ಇದನ್ನ ಮಗೂನ ಎತ್ಕೊಂಡಂಗೆ ಎತ್ಕೊಂಡಿದ್ದ. ಎಷ್ಟು ಕೊಡಲಿ ಅಂದೆ. ಏನೂ ಬ್ಯಾಡ ಅಂದ.”

“ಸುಳ್ಳು” ಎಂದರು ವನಿತಾ.

“ನನಗೂ ಹಾಗೇ ಅನ್ನಿಸ್ತು ಮೇಡಂ. ಕಾಸು ಬೇಡ ಅನ್ನೋ ಕಳ್ಳನ್ನ ನಾನು ಇದುವರೆಗೂ ನೋಡಿಲ್ಲ. ಹೋಗುವಾಗ ಒಂದು ಮಾತು ಹೇಳ್ದ. ‘ಆ ತೋಟದಲ್ಲಿದ್ರೆ ಇದು ಉಳಿಯಾಕಿಲ್ಲ. ನೀವಾರ ಸಾಕ್ಕಳಿ’ ಅಂದ.”

ಹೆದ್ದಾರಿಯಲ್ಲಿ ಲಾರಿಯೊಂದು ಹಾರನ್ ಹೊಡೆದುಕೊಂಡು ಹೋಯಿತು.

“ನನ್ನ ತೋಟದಲ್ಲಿ ಉಳಿಯಲ್ಲ ಅಂದನಾ?” ವನಿತಾ ನಕ್ಕರು. “ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದೇ ಒಂದು ಗಿಡ ಸತ್ತಿಲ್ಲ. ಇಂಥ ಕತೆ ಪೊಲೀಸರಿಗೆ ಹೇಳು.”

ಹೇಳುತ್ತಲೇ ಅವರು ಕೈಚೀಲದಿಂದ ಪುಟ್ಟ ಬಾಟಲಿ ತೆಗೆದರು. ಬಾಳೆಯ ಸೊನೆ ಚಾಕುವಿಗೆ ಅಂಟಿ ಕಪ್ಪಾಗಿತ್ತು. ಬಾಟಲಿ ಬಗ್ಗಿಸಿ ಬಟ್ಟೆ ಚೂರು ಒದ್ದೆ ಮಾಡಿ ಅಲಗನ್ನು ಒರೆಸಿದರು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಎಷ್ಟೋ ಸಲ ಮಾಡಿ ಕೈಗೆ ಕೂತ ಕೆಲಸ.

ವಾಸನೆ ಸ್ವಾಮಿಯ ಮೂಗಿಗೆ ಬಡಿಯಿತು.

ಅದೇ. ಬೆಳಿಗ್ಗೆ ಕಡ್ಡಿಯ ತುದಿಯಲ್ಲಿ ಹಿಡಿದಿದ್ದ ಅದೇ ವಾಸನೆ.

“ಸೀಮೆಎಣ್ಣೆನಾ ಮೇಡಂ?” ಆದಷ್ಟು ಸಹಜವಾಗಿ ಕೇಳಿದ.

“ಹೂಂ. ಬಾಳೆ ಕರೆ ಇನ್ಯಾವುದಕ್ಕೂ ಹೋಗಲ್ಲ. ಕಾಲೇಜಿನ ಲ್ಯಾಬಿಂದ ಸ್ವಲ್ಪ ತಂದಿಟ್ಕೊಂಡಿರ್ತೀನಿ.”

ಇದು ಏನೂ ಅಲ್ಲ ಎಂದು ಸ್ವಾಮಿ ತನಗೆ ತಾನೇ ಹೇಳಿಕೊಂಡ. ಚಾಕು ಒರೆಸಲು ಎಣ್ಣೆ ಇಟ್ಟುಕೊಂಡವರೆಲ್ಲ ಗಿಡ ಕೊಲ್ಲುವುದಿಲ್ಲ. ತನ್ನ ಗಿಡವನ್ನು ತಾನೇ ಕೊಲ್ಲುವ ಹುಚ್ಚು ಯಾರಿಗಿದ್ದೀತು? ಅದೂ ಬಾಳೆಗಾಗಿ ಮದುವೆ, ಮನೆ, ಭಾನುವಾರ ಎಲ್ಲವನ್ನೂ ಬಿಟ್ಟ ಈ ಹೆಂಗಸಿಗೆ?

“ಅದಿರಲಿ ಮೇಡಂ,” ಸುನೀಲ್ ಕೆಣಕುವ ದನಿಯಲ್ಲಿ ಅಂದ, “ಇಷ್ಟೆಲ್ಲ ಹೊಡೆದಾಡ್ತಿದೀರಲ್ಲ, ಇದು ನಿಜಕ್ಕೂ ಅಷ್ಟು ಅಪರೂಪದ್ದಾ? ಮೊನ್ನೆ ವಯನಾಡಿನ ಗಿರಾಕಿಯೊಬ್ರು ನಿಮ್ಮ ಪೇಪರ್ ಫೋಟೊ ನೋಡಿ ಬಿದ್ದು ಬಿದ್ದು ನಕ್ರು. ‘ಇದು ನಮ್ಮನೆ ಹಿತ್ತಿಲಲ್ಲಿ ಬೇಲಿಗೆ ಹಾಕಿದೀವಿ, ಚಳಿಗಾಲದಲ್ಲಿ ಹೂ ಬಂದ್ರೆ ಅಂಚು ಹಳದಿ ಆಗ್ತದೆ, ಅಷ್ಟೇ’ ಅಂದ್ರು. ನಿಮ್ಮ ಗಿಡ ಹೂ ಬಿಟ್ಟಿದ್ದು ಚಳಿಗಾಲದಲ್ಲಿ ಅಲ್ವಾ?”

ವನಿತಾ ಅವರ ಕೈ ನಿಂತಿತು. ಬಟ್ಟೆ ಚೂರು ಅಲಗಿನ ನಡುವೆಯೇ ಉಳಿಯಿತು.

“ಒಂದು ಹೂ ನೋಡಿ ಯಾರೂ ಏನೂ ಹೇಳಬಾರದು” ಎಂದರು ಕೊನೆಗೆ. ಸುನೀಲನಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

“ಅದೇ ನಾನೂ ಹೇಳೋದು. ಮಳೆಗಾಲ ಕಳೆಯೋದರೊಳಗೆ ಇದು ಹೂ ಬಿಡ್ತದೆ. ಎಲ್ರೂ ಸೇರಿ ನೋಡೋಣ. ಪೇಪರಿನವರನ್ನೂ ಕರೆಯೋಣ.”

“ಬೇಡ.” ಚಾಕು ಪಟ್ಟೆಂದು ಮಡಚಿಕೊಂಡಿತು. “ಇದನ್ನ ಈಗಲೇ ತಗೊಂಡು ಹೋಗ್ತೀನಿ. ಸ್ವಾಮಿ, ಎತ್ತಿ ಡಿಕ್ಕಿಗೆ ಇಡಿ.”

ಸ್ವಾಮಿ ಅಲ್ಲಾಡಲಿಲ್ಲ.

ತಲೆಯೊಳಗೆ ಒಂದೊಂದೇ ಬಂದು ತಂತಮ್ಮ ಜಾಗದಲ್ಲಿ ಕೂರುತ್ತಿದ್ದವು. ಕೀಲಿ ಎರಡು, ಕೈ ಎರಡು. ಒಂದು ಕೈ ಬೇಲಿ ಪಕ್ಕದ ಕಂದನ್ನು ಎತ್ತಿ, ಒಂದು ಬೇರು ಉಳಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಹೊತ್ತು ತಂದಿತು. ಹಾಗಾದರೆ ಸೀಮೆಎಣ್ಣೆ ಹುಯ್ದ ಕೈ? ಎರಡನೆಯ ಹೂ ಹಳದಿ ಅಂಚಿಲ್ಲದೆ ಅರಳಿದರೆ ಯಾರ ಮಾತು ಸುಳ್ಳಾಗುತ್ತಿತ್ತು? ಆಮೇಲೆ ಬೇಲಿ ಪಕ್ಕ ಎಲೆ ಹೊದಿಸಿದ ಜಾಗ ಕಂಡು, ಒಂದು ಕಂದು ಕೈತಪ್ಪಿತೆಂದು ಬೆಚ್ಚಿದವರು ಯಾರು? ಕಳ್ಳನನ್ನು ಹುಡುಕಿ ಎಂದು ಇಷ್ಟು ಅವಸರ ಮಾಡಿದವರು ಯಾರು? ಅವರು ಹುಡುಕುತ್ತಿದ್ದದ್ದು ಕಳ್ಳನನ್ನೋ, ಉಳಿದುಹೋದ ಈ ಗಿಡವನ್ನೋ?

ಮಾದಣ್ಣ ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ. ತಾನು ಕಂಡದ್ದನ್ನು ಹೇಳಿದರೆ ಸಾಕಿತ್ತು. ಹೇಳದೆ ಜೈಲಿಗೆ ಹೋಗಲು ತಯಾರಾಗಿ, ಬೇಲಿ ನುಸುಳಿ ಬಂದು, ಅದೇ ಮೇಡಮ್ಮಿನ ಗಿಡಗಳಿಗೆ ನೀರು ಕಟ್ಟುತ್ತಿದ್ದಾನಲ್ಲ!

“ಸ್ವಾಮಿ, ನಿಮಗೇ ಹೇಳಿದ್ದು.”

“ಗಿಡ ನಿಮ್ಮ ತೋಟಕ್ಕೆ ಹೋಗಲ್ಲ ಮೇಡಂ.”

“ಏನಂದ್ರಿ?”

“ಇಲ್ಲೂ ಇರಲ್ಲ. ಯಾರದ್ದು ಅಂತ ತೀರ್ಮಾನ ಆಗೋವರೆಗೂ ನನ್ನ ಹತ್ರ ಇರ್ತದೆ. ಕಚೇರಿ ಮೇಲಿನ ತಾರಸಿಯಲ್ಲಿ ಬಿಸಿಲು ಚೆನ್ನಾಗಿ ಬೀಳ್ತದೆ. ಹೂ ಬರ್ಲಿ, ಆಮೇಲೆ ಮಾತಾಡೋಣ.”

“ಹೂವಿಗೂ ಕಳ್ಳತನಕ್ಕೂ ಏನು ಸಂಬಂಧ?”

“ನನಗೂ ಅದೇ ಗೊತ್ತಾಗಬೇಕಾಗಿದೆ.”

ವನಿತಾ ಅವನನ್ನೇ ದಿಟ್ಟಿಸಿದರು. ಆ ನೋಟದಲ್ಲಿ ಭಯವಿರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನವನು ಎದ್ದು ಎದುರುತ್ತರ ಕೊಟ್ಟಾಗ ಇರುವಂಥ ನೋಟ. “ನೀವು ಯಾರ ಪರ ಸ್ವಾಮಿ?”

“ಚಿಕ್ಕನಿಂಗಮ್ಮನ ಪರ. ಮೊದಲ ದಿನವೇ ಹೇಳಿದ್ದೆ.”

“ನಾನು ಪೊಲೀಸರನ್ನ ಕರೆದ್ರೆ?”

“ಕರೀರಿ. ಅವರ ಮುಂದೆ ಆ ಬುಡದ ಕಂದುಗಳನ್ನೂ ಬಗೆದು ತೋರಿಸ್ಬೇಕಾಗ್ತದೆ. ನನಗೇನೂ ಅಡ್ಡಿಯಿಲ್ಲ.”

ಸುನೀಲ್ ಇಬ್ಬರ ಮುಖವನ್ನೂ ನೋಡಿ ಹಲ್ಲು ಕಿರಿದ. “ಅವರೇ ಇಟ್ಕೊಳ್ಳಲಿ ಬಿಡಿ ಮೇಡಂ. ಡ್ರಮ್ಮು ಮಾತ್ರ ವಾಪಸ್ ಕೊಡ್ಬೇಕು.”

ವನಿತಾ ಅವನ ಕಡೆ ತಿರುಗಿದರು. ದನಿ ತಣ್ಣಗಾಗಿತ್ತು. “ಸುನೀಲ್, ಆ ಟವೆಲ್ಲಿನವನ ಮುಖ ನೋಡಿಲ್ಲ ಅಂದ್ಯಲ್ಲ. ದನಿ ಕೇಳಿದ್ರೆ ಗುರುತು ಹಿಡೀತೀಯಾ?”

“ಹಿಡೀದೆ ಏನು? ಗಂಟಲಲ್ಲಿ ಮರಳು ತುಂಬಿದಂಗಿತ್ತು ದನಿ.”

“ಸೋಮವಾರ ಬೆಳಿಗ್ಗೆ ಠಾಣೆಗೆ ಬಾ. ಮಾದಣ್ಣನನ್ನ ನಿನ್ನ ಮುಂದೆ ಮಾತಾಡಿಸ್ತೀನಿ. ಇವತ್ತು ಹೇಳಿದ್ದನ್ನ ಅವತ್ತೂ ಹೇಳಬೇಕು. ಇಲ್ಲಾಂದ್ರೆ ಕದ್ದ ಮಾಲು ಇಟ್ಕೊಂಡವನು ಅಂತ ನಿನ್ನ ಹೆಸರೇ ಮೊದಲು ಹೋಗ್ತದೆ.”

ಸುನೀಲನ ಹಲ್ಲು ಮುಚ್ಚಿಕೊಂಡವು. ನಿಧಾನವಾಗಿ ತಲೆಯಾಡಿಸಿದ.

ಸ್ವಾಮಿ ಡ್ರಮ್ಮನ್ನು ಎತ್ತಿ ನಿಲ್ಲಿಸಿದ. ಬೈಕಿನ ಹಿಂದಿನ ಸೀಟಿಗೆ ಹೊಂದಿಸಿ ಹಳೆಯ ಟ್ಯೂಬಿನಿಂದ ಬಿಗಿಯತೊಡಗಿದ. ಜಂಬಗಾತಿಯ ಎಲೆ ಗಾಳಿಗೆ ಎದ್ದು ಅವನ ಕೆನ್ನೆಗೆ ಹೊಡೆಯಿತು.

ಹಿಂದಿನಿಂದ ಹೆಜ್ಜೆ ಸದ್ದು. ವನಿತಾ ಫೋನ್ ಹಿಡಿದು ಪಕ್ಕದಲ್ಲಿ ಬಂದು ನಿಂತರು. ಈಗ ತೆಗೆದ ಫೋಟೊ. ಎರಡು ಬೆರಳಿಂದ ಹಿಗ್ಗಿಸಿ, ಹಿಗ್ಗಿಸಿ, ಅವನ ಮುಖದ ಮುಂದೆ ಹಿಡಿದರು. ಬೆಳ್ಳನೆಯ ಹೊಸ ಬೇರುಗಳ ನಡುವೆ ಒಂದೇ ಒಂದು ಕಪ್ಪು ಬೇರು.

“ಇದೇನಿದು ಸ್ವಾಮಿ? ಎಲ್ಲ ಸವರಿ ಇದೊಂದನ್ನೇ ಯಾಕೆ ಬಿಟ್ಟಿದಾನೆ? ಇದು ಯಾವನೋ ಒಬ್ಬನ ಕೈಗುಣ. ನೀವು ಬಾಳೆ ಸೀಮೆಯಲ್ಲೇ ಹುಟ್ಟಿದೋರು. ಇಂಥ ಕೈ ಯಾರದು, ಗೊತ್ತಾ?”

ಸ್ವಾಮಿ ಟ್ಯೂಬಿನ ಗಂಟು ಬಿಗಿದ. ಇನ್ನೊಮ್ಮೆ ಬಿಗಿದ. ಬೈಕು ಸ್ಟಾರ್ಟ್ ಮಾಡಿ ಚಾಮರಾಜನಗರದ ಕಡೆ ತಿರುಗಿಸಿದ.

ಅದು ಮಾದಣ್ಣನ ಕೈ ಎಂದು ಅವನು ಹೇಳಲಿಲ್ಲ.